ಮೂರನೇ ಭಾಗದ ಲೆಕ್ಕ

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ತೀರ್ಪು ಬಹಳ ವರ್ಷಗಳಿಂದ ಜಾರಿಯಲ್ಲಿದೆ. ‘ದಿ ಗಾಡ್‌ಫಾದರ್’ ಮೊದಲನೇ ಭಾಗ ನೋಡು, ಎರಡನೇದನ್ನ ಎರಡು ಸಲ ನೋಡು, ಮೂರನೇದು ಬಂದಿತ್ತು ಅನ್ನೋದನ್ನೇ ಮರೆತುಬಿಡು. ಹೊಸದಾಗಿ ಸೇರಿದ ಹುಡುಗರಿಗೆ ಐಡಿ ಕಾರ್ಡು, ಲ್ಯಾಪ್‌ಟಾಪು ಕೊಟ್ಟ ಹಾಗೇ ಇದನ್ನೂ ಕೊಡ್ತೀವಿ. ನಾನೇ ಹತ್ತಾರು ಜನಕ್ಕೆ ಕೊಟ್ಟಿದ್ದೀನಿ. ಒಂದು ವಿಷಯ ಮಾತ್ರ ಈಗ ಒಪ್ಪಿಕೊಳ್ಳಬೇಕು. ಹಾಗೆ ಹೇಳ್ತಿದ್ದಷ್ಟು ದಿನವೂ ನಾನು ಆ ಮೂರನೇ ಸಿನಿಮಾ ನೋಡಿರಲಿಲ್ಲ.

ನೋಡಿದ್ದು ಹೋದ ವರ್ಷ, ಅಪ್ಪನಿಗೆ ಸ್ಟೆಂಟ್ ಹಾಕಿಸಿ ಅಟ್ಟೂರಿನ ಮನೆಗೆ ಕರ್ಕೊಂಡು ಬಂದ ವಾರ. ರಾತ್ರಿ ಹೊತ್ತು ಆಗಾಗ ಎದ್ದು ಅವರನ್ನು ನೋಡ್ಕೋಬೇಕಿತ್ತು. ನಿದ್ದೆ ಹೇಗೂ ಬರಲ್ಲ ಅಂತ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಎರಡು ರಾತ್ರಿಯಲ್ಲಿ ಅದನ್ನು ಮುಗಿಸಿದೆ. ಮುಗಿದ ಮೇಲೆ ತಲೆಯಲ್ಲಿ ಉಳಿದದ್ದು ಅರ್ಧ ಸಿನಿಮಾ, ಅರ್ಧ ನಮ್ಮಪ್ಪ. ಎರಡನ್ನೂ ಬಿಡಿಸಿ ನೋಡೋಣ ಅಂತ ಕೂತಿದ್ದೀನಿ.

ಮೊದಲು ಸಿನಿಮಾದ ಮೇಲಿರೋ ಆರೋಪಪಟ್ಟಿ.

ಮಾರಿಯೊ ಪೂಜೊ ಕಾದಂಬರಿಯಿಂದ ಫ್ರಾನ್ಸಿಸ್ ಫೋರ್ಡ್ ಕೊಪ್ಪೋಲಾ ಮೊದಲನೇ ಭಾಗ ತೆಗೆದದ್ದು 1972ರಲ್ಲಿ, ಎರಡನೇದು 1974ರಲ್ಲಿ. ಎರಡಕ್ಕೂ ಶ್ರೇಷ್ಠ ಚಿತ್ರದ ಆಸ್ಕರ್ ಬಂತು. ಆಮೇಲೆ 16 ವರ್ಷ ಏನೂ ಇಲ್ಲ. 1990ರ ಡಿಸೆಂಬರಿನಲ್ಲಿ ಮೂರನೇದು ಬಂತು. ಏಳು ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ನಿಜ, ಕೈಗೆ ಒಂದೂ ಬರಲಿಲ್ಲ. ಆ ಹದಿನಾರು ವರ್ಷದ ಮಧ್ಯೆ ಕೊಪ್ಪೋಲಾ 1982ರಲ್ಲಿ ‘ಒನ್ ಫ್ರಮ್ ದಿ ಹಾರ್ಟ್’ ಅನ್ನೋ ಸಿನಿಮಾ ಮಾಡಿ ಕೈ ಸುಟ್ಟುಕೊಂಡು ಸಾಲದಲ್ಲಿ ಮುಳುಗಿದ್ದ. ಹಾಗಾಗಿ ‘ದುಡ್ಡಿಗೋಸ್ಕರ ಮಾಡಿದ ಸಿನಿಮಾ’ ಅನ್ನೋದು ಮೊದಲ ಆರೋಪ. ಮನೆತನದ ವಕೀಲ ಟಾಮ್ ಹೇಗನ್ ಆಗಿದ್ದ ರಾಬರ್ಟ್ ಡುವಾಲ್ ಸಂಭಾವನೆ ವಿಚಾರದಲ್ಲಿ ಮಾತು ಕೂಡದೆ ಹೊರಗುಳಿದ. ಕಂಬ ತೆಗೆದ ಮನೆ ಹಾಗಾಯ್ತು ಅನ್ನೋದು ಎರಡನೇ ಆರೋಪ. ಮೂರನೇದು ಎಲ್ಲಕ್ಕಿಂತ ಜೋರು. ಮೈಕೆಲ್‌ನ ಮಗಳು ಮೇರಿಯ ಪಾತ್ರಕ್ಕೆ ಗೊತ್ತಾಗಿದ್ದ ವಿನೋನಾ ರೈಡರ್ ಕೊನೇ ಗಳಿಗೆಯಲ್ಲಿ ಬಿಟ್ಟುಹೋದಾಗ ಕೊಪ್ಪೋಲಾ ತನ್ನ ಮಗಳು ಸೋಫಿಯಾನನ್ನೇ ನಿಲ್ಲಿಸಿದ. ಆ ಹುಡುಗಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಕೆಟ್ಟ ನಟನೆಗೆ ಕೊಡೋ ರಾಝಿ ಪ್ರಶಸ್ತಿ ಅವಳಿಗೆ ಒಂದಲ್ಲ, ಎರಡು ಬಂದವು.

ನೋಡಿದವನಾಗಿ ಹೇಳ್ತೀನಿ, ಆರೋಪಗಳು ಸುಳ್ಳಲ್ಲ. ವ್ಯಾಟಿಕನ್ ಬ್ಯಾಂಕು, ಇಮೊಬಿಲಿಯಾರೆ ಅನ್ನೋ ಕಂಪನಿ, ಯಾರ ಕೈಲಿ ಎಷ್ಟು ಷೇರು, ಇದೆಲ್ಲ ಗೋಜಲು. ಅಟ್ಲಾಂಟಿಕ್ ಸಿಟಿಯಲ್ಲಿ ಹೆಲಿಕಾಪ್ಟರ್‌ನಿಂದ ಗುಂಡು ಹಾರಿಸೋ ದೃಶ್ಯ ಯಾವುದೋ ಬೇರೆ ಸಿನಿಮಾದಿಂದ ಹಾರಿ ಬಂದ ಹಾಗಿದೆ. ಸೋಫಿಯಾ ಕೆಲವು ಮಾತುಗಳನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಒಪ್ಪಿಸಿದ ಹಾಗೆ ಒಪ್ಪಿಸ್ತಾಳೆ. ಡುವಾಲ್ ಇಲ್ಲದ ಕೊರತೆ ಪ್ರತಿ ಅರ್ಧ ಗಂಟೆಗೊಮ್ಮೆ ಕಾಡುತ್ತೆ. (ಅದೇ ಸೋಫಿಯಾ ಮುಂದೆ ತಾನೇ ನಿರ್ದೇಶಕಿಯಾಗಿ, ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಚಿತ್ರಕಥೆಗೆ ಆಸ್ಕರ್ ತಗೊಂಡಳು. ಹತ್ತೊಂಬತ್ತರ ಹುಡುಗಿಯ ಮೇಲೆ ಬರೆದ ತೀರ್ಪನ್ನು ಎಷ್ಟು ದಿನ ಇಟ್ಕೋಬೇಕು ಅನ್ನೋದಕ್ಕೆ ಇದೊಂದು ಉತ್ತರ.)

ಕೊನೇ ಭಾಗಗಳ ಹಣೆಬರಹವೇ ಅಷ್ಟೇನೋ. ನಮ್ಮಲ್ಲೂ 2005ರ ‘ಜೋಗಿ’ ಇವತ್ತಿಗೂ ಎಲ್ಲರ ಬಾಯಲ್ಲಿದೆ, 2011ರ ‘ಜೋಗಯ್ಯ’ ಶಿವಣ್ಣನ ನೂರನೇ ಸಿನಿಮಾ ಆಗಿದ್ರೂ ಅದನ್ನ ಯಾರೂ ನೆನೆಸಿಕೊಳ್ಳಲ್ಲ. ಇನ್ನೂ ಹಿಂದಕ್ಕೆ ಹೋದರೆ ಕುಮಾರವ್ಯಾಸನೇ ಸಿಗ್ತಾನೆ. ಅವನು ಭಾರತವನ್ನ ಹತ್ತು ಪರ್ವಕ್ಕೆ, ಗದಾಪರ್ವಕ್ಕೆ ನಿಲ್ಲಿಸಿಬಿಟ್ಟ. ಉಳಿದದ್ದನ್ನ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ನಮ್ಮಲ್ಲಿ ಗದುಗಿನ ಭಾರತದ ಹೆಸರು ಕೇಳದವರಿಲ್ಲ, ತಿಮ್ಮಣ್ಣ ಕವಿಯ ಹೆಸರನ್ನ ಪರೀಕ್ಷೆಗೆ ಓದಿದವರು ಬಿಟ್ಟರೆ ಎಷ್ಟು ಜನ ಕೇಳಿದ್ದಾರೆ? ತಿಮ್ಮಣ್ಣನ ಪಾಲಿಗೆ ಬಂದದ್ದಾದರೂ ಎಂಥ ಭಾಗ! ಯುದ್ಧ ಮುಗಿದಿದೆ. ತೊಡೆ ಮುರಿಯೋದು, ಚಕ್ರವ್ಯೂಹ, ಎಲ್ಲ ಆಗಿಹೋಗಿದೆ. ಉಳಿದಿರೋದು ಅಳೋ ಹೆಂಗಸರು, ಗೆದ್ದು ಸೋತ ಧರ್ಮರಾಯ, ಆಮೇಲೆ ಒಂದು ಉದ್ದ ನಡಿಗೆ. ಕೇಳೋರಿಗೆ ಗದೆ ಬೇಕು, ಲೆಕ್ಕ ಚುಕ್ತಾ ಮಾಡೋದು ಬೇಡ.

ನನಗನ್ನಿಸೋದು, ಗಾಡ್‌ಫಾದರ್ ಮೂರನ್ನೂ ನಾವು ಇಷ್ಟಪಡದೇ ಇರೋದಕ್ಕೆ ನಿಜವಾದ ಕಾರಣ ಇಲ್ಲೇ ಎಲ್ಲೋ ಇದೆ. ಮೊದಲೆರಡು ಸಿನಿಮಾ ನಮಗೆ ಸಂಪಾದನೆ ತೋರಿಸ್ತವೆ, ಮೂರನೇದು ಬಿಲ್ಲು ತಂದಿಡುತ್ತೆ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಎರಡನೇ ಭಾಗದ ಕೊನೆಯಲ್ಲಿ ಮೈಕೆಲ್ ಕಾರ್ಲಿಯೋನೆ ತನ್ನ ಒಡಹುಟ್ಟಿದ ಅಣ್ಣ ಫ್ರೆಡೊನನ್ನ ಸರೋವರದ ಮಧ್ಯೆ ದೋಣಿಯಲ್ಲಿ ಕೊಲ್ಲಿಸ್ತಾನೆ. ಮೂರನೇ ಭಾಗ ಶುರುವಾಗೋ ಹೊತ್ತಿಗೆ 1979. ಮೈಕೆಲ್‌ಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ. ಜೂಜುಗೃಹಗಳನ್ನು ಮಾರಿದ್ದಾನೆ. ಅಪ್ಪನ ಹೆಸರಲ್ಲಿ ಫೌಂಡೇಶನ್ ಮಾಡಿ, ಸಿಸಿಲಿಯ ಬಡವರಿಗೆ ಅಂತ ಹತ್ತು ಕೋಟಿ ಡಾಲರ್ ಚೆಕ್ ಕೊಡ್ತಾನೆ. ಫೌಂಡೇಶನ್ನಿಗೆ ಮಗಳು ಮೇರಿ ಮುಖ್ಯಸ್ಥೆ. ಚರ್ಚು ಅವನ ಕೊರಳಿಗೆ ಗೌರವದ ಪದಕ ಹಾಕುತ್ತೆ. ಅವನಿಗೆ ಬೇಕಾಗಿರೋದು ಒಂದೇ, ಮರ್ಯಾದೆ. ಹಿಂದಿನದೆಲ್ಲ ತೊಳೆದುಹೋಗಬೇಕು, ಮಕ್ಕಳ ಮುಂದೆ ಒಳ್ಳೆಯವನಾಗಿ ಕೂರಬೇಕು.

ಆ ಪದಕದ ದೃಶ್ಯಕ್ಕೆ ನಾನು ಸಿನಿಮಾ ನಿಲ್ಲಿಸಿ ಎದ್ದು ನೀರು ಕುಡಿದು ಬಂದೆ. ಯಾಕೆ ಅಂತ ಹೇಳಬೇಕಾದ್ರೆ ನಮ್ಮ ಮನೆ ಕಥೆ ಹೇಳಬೇಕು.

ಅಟ್ಟೂರು ಅಂದ್ರೆ ಇವತ್ತು ಯಲಹಂಕ ನ್ಯೂಟೌನ್‌ಗೆ ಅಂಟಿಕೊಂಡಿರೋ ಲೇಔಟು. ಅಪಾರ್ಟ್‌ಮೆಂಟು, ಡಯಾಗ್ನೋಸ್ಟಿಕ್ ಸೆಂಟರು, ಬೀದಿಗೆರಡು ದರ್ಶಿನಿ. ನಾನು ಚಿಕ್ಕವನಿದ್ದಾಗ ಕೆರೆ ಕಡೆ ಹೋದರೆ ರಾಗಿ ಹೊಲ, ಅವರೆ ಸಾಲು. ತಾತನಿಗೆ ಅಲ್ಲಿ ಮೂವತ್ತು ಗುಂಟೆ ಇತ್ತು. ತಾತನಿಗೆ ಇಬ್ಬರೇ ಮಕ್ಕಳು, ಅತ್ತೆ ದೊಡ್ಡವರು, ಅಪ್ಪ ಚಿಕ್ಕವರು. ಅತ್ತೆಯನ್ನ ದೊಡ್ಡಬಳ್ಳಾಪುರಕ್ಕೆ ಕೊಟ್ಟಿದ್ರು. ಮಾವ ಪವರ್‌ಲೂಮಿನಲ್ಲಿ ಕೂಲಿಗೆ ನೇಯ್ತಿದ್ರು.

ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಕೆಲಸ ಶುರುವಾಗಿದ್ದೇ ತಡ, ನಮ್ಮ ಕಡೆ ಜಮೀನಿನ ಬೆಲೆ ರಾತ್ರೋರಾತ್ರಿ ಏರಿತು. 2006ರಲ್ಲಿ ಲೇಔಟ್ ಮಾಡೋರೊಬ್ಬರು ನಮ್ಮ ಮೂವತ್ತು ಗುಂಟೆ ಕೇಳಿದ್ರು. ಅದರ ಹಿಂದಿನ ವರ್ಷವಷ್ಟೇ, 2005ರಲ್ಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದಿತ್ತು. ಪಿತ್ರಾರ್ಜಿತದಲ್ಲಿ ಮಗನಿಗೆ ಎಷ್ಟೋ ಮಗಳಿಗೂ ಹುಟ್ಟಿನಿಂದಲೇ ಅಷ್ಟೇ ಹಕ್ಕು ಅಂತ. ಹಾಗಾಗಿ ಕೊಳ್ಳೋರ ವಕೀಲರು ‘ಹೆಣ್ಣುಮಕ್ಕಳ ಸಹಿ ಬೇಕೇ ಬೇಕು’ ಅಂದ್ರು.

ಸಹಿ ಆದ ದಿನ ನಾನೂ ಹೋಗಿದ್ದೆ. ನನಗೆ ಹದಿನೇಳು, ಪಿಯುಸಿ ಮುಗಿದಿತ್ತು. ಅತ್ತೆ ಬೆಳಗ್ಗೆ ಬಸ್ಸಲ್ಲಿ ಬಂದ್ರು, ಮನೆಯಲ್ಲೇ ಕರಿದ ಚಕ್ಕುಲಿ ನನಗೆ ಅಂತ ತಂದಿದ್ರು. ಸಬ್‌ರಿಜಿಸ್ಟ್ರಾರ್ ಆಫೀಸಿನ ಹೊರಗೆ ಕಲ್ಲುಬೆಂಚಿನ ಮೇಲೆ ಕೂರಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಪುಟಪುಟಕ್ಕೂ ಸಹಿ ಹಾಕಿಸಿದ್ರು. ಅತ್ತೆ ನಾಲ್ಕನೇ ಕ್ಲಾಸು ಓದಿದವರು, ಒಂದೊಂದು ಅಕ್ಷರಾನೂ ನಿಧಾನಕ್ಕೆ ಕೂಡಿಸಿ ಬರೆದ್ರು. ಪತ್ರದಲ್ಲಿ ಏನಿದೆ ಅಂತ ಅವರು ಕೇಳಲಿಲ್ಲ, ಯಾರೂ ಓದಿ ಹೇಳಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ತಟ್ಟೆಯಲ್ಲಿ ಒಂದು ರೇಷ್ಮೆ ಸೀರೆ, ಎಲೆ ಅಡಿಕೆ, ಐವತ್ತು ಸಾವಿರ ರೂಪಾಯಿ ಇಟ್ಟು ‘ಅರಿಶಿನ ಕುಂಕುಮಕ್ಕೆ ಕಣಕ್ಕ’ ಅಂದ್ರು. ಅತ್ತೆ ಕಣ್ಣಿಗೊತ್ತಿಕೊಂಡು ತಗೊಂಡ್ರು. ‘ತವರು ತಣ್ಣಗಿದ್ರೆ ಸಾಕಪ್ಪ’ ಅಂದ್ರು.

ಆ ಜಮೀನಿನ ದುಡ್ಡಲ್ಲಿ ನಮ್ಮ ಮೂರಂತಸ್ತಿನ ಮನೆ ಎದ್ದಿತು. ಕೆಳಗೆ ನಾವು, ಮೇಲೆರಡು ಬಾಡಿಗೆಗೆ. ಅದೇ ದುಡ್ಡಲ್ಲಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ನನ್ನ ಇಂಜಿನಿಯರಿಂಗ್ ಆಯ್ತು. ಅತ್ತೆಯ ಮಗ ಐಟಿಐ ಅರ್ಧಕ್ಕೆ ಬಿಟ್ಟು ಮಗ್ಗಕ್ಕೆ ಕೂತ.

ಇದನ್ನ ಓದ್ತಿರೋ ನಿಮ್ಮಲ್ಲಿ ಎಷ್ಟೋ ಜನಕ್ಕೆ ಈ ಕಥೆ ಹೊಸದೇನಲ್ಲ ಅಂತ ನನಗೆ ಗೊತ್ತು. ಯಲಹಂಕದಲ್ಲಿ, ಹೆಬ್ಬಾಳದಲ್ಲಿ, ಜಾಲಹಳ್ಳಿಯಲ್ಲಿ ಎಷ್ಟು ಮನೆ ಇಂಥ ಒಂದು ಸಹಿಯ ಮೇಲೆ ನಿಂತಿಲ್ಲ? ಇದು ಕೊಲೆಯಲ್ಲ. ಕೋರ್ಟಿನ ಲೆಕ್ಕದಲ್ಲಿ ಅಪರಾಧ ಅಂತಲೂ ಯಾರೂ ಬರೆಯಲ್ಲ, ಸಹಿ ಇದೆ. ನಮ್ಮಪ್ಪ ಮೈಕೆಲ್ ಅಲ್ಲ, ಬೆಳಗ್ಗೆ ಎದ್ದು ತುಳಸಿಗೆ ನೀರು ಹಾಕೋ ಮನುಷ್ಯ. ಅತ್ತೆಗೆ ಪ್ರತಿ ಗೌರಿಹಬ್ಬಕ್ಕೂ ಬಾಗಿನ ತಪ್ಪಿಸಿಲ್ಲ. ಅಷ್ಟಾದ್ರೂ, ಪದಕ ಹಾಕಿಸಿಕೊಂಡು ತಲೆ ಬಗ್ಗಿಸಿದ ಮೈಕೆಲ್‌ನ ನೋಡಿದಾಗ ನನಗೆ ನೆನಪಾದದ್ದು ನಮ್ಮೂರ ದೇವತೆ ಗುಡಿ. ಮೂರು ವರ್ಷದ ಹಿಂದೆ ಜೀರ್ಣೋದ್ಧಾರಕ್ಕೆ ಅಪ್ಪ ಐದು ಲಕ್ಷ ಕೊಟ್ಟರು. ಗರ್ಭಗುಡಿಯ ಪಕ್ಕ ಅಮೃತಶಿಲೆಯಲ್ಲಿ ಅವರ ಹೆಸರಿದೆ. ಆ ವರ್ಷದ ಜಾತ್ರೆಯಲ್ಲಿ ನಮ್ಮ ಮನೆ ಕಡೆಯಿಂದ ತಂಬಿಟ್ಟಿನ ಆರತಿ ಹೊತ್ತದ್ದು ಅತ್ತೆ. ಆ ಫಲಕದ ಮುಂದೆಯೇ ನಿಂತು, ತಮ್ಮನ ಹೆಸರನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ ಖುಷಿಪಟ್ಟರು.

ಈಗ ಸಿನಿಮಾದ ಹೃದಯಕ್ಕೆ ಬರೋಣ. ನನ್ನ ಪ್ರಕಾರ ಮೂರೂ ಭಾಗ ಸೇರಿಸಿದ್ರೂ ಇದಕ್ಕೆ ಸಮ ಅನ್ನಿಸೋ ದೃಶ್ಯ ಕಮ್ಮಿ.

ವ್ಯಾಟಿಕನ್ ವ್ಯವಹಾರದ ತೊಡಕು ಹೇಳಿಕೊಳ್ಳೋಕೆ ಮೈಕೆಲ್ ಕಾರ್ಡಿನಲ್ ಲಾಂಬೆರ್ಟೊ ಅನ್ನೋ ಒಳ್ಳೆ ಮುದುಕನ ಹತ್ತಿರ ಹೋಗ್ತಾನೆ. ಮುದುಕ ಕಾರಂಜಿ ತೊಟ್ಟಿಯಿಂದ ಒಂದು ಕಲ್ಲು ಎತ್ತಿ ಒಡೆದು ತೋರಿಸ್ತಾನೆ. ಎಷ್ಟೋ ಕಾಲ ನೀರಲ್ಲಿದ್ರೂ ಒಳಗೆ ಒಣ. ಆಮೇಲೆ, ತಪ್ಪೊಪ್ಪಿಗೆ ಮಾಡ್ತೀಯಾ ಅಂತ ಕೇಳ್ತಾನೆ. ಮೂವತ್ತು ವರ್ಷದಿಂದ ಮಾಡಿಲ್ಲ ಅಂತ ಮೊದಲು ಹಿಂಜರಿದ ಮೈಕೆಲ್ ನಿಧಾನಕ್ಕೆ ಒಂದೊಂದೇ ಹೇಳ್ತಾ ಬಂದು, ಕೊನೆಗೆ ಅಣ್ಣನ ಕೊಲೆಗೆ ಬಂದು, ಬಿಕ್ಕಿ ಬಿಕ್ಕಿ ಅಳ್ತಾನೆ. ಅಲ್ ಪಚಿನೊ ಆ ಎರಡು ನಿಮಿಷ ನಟನೆ ಮಾಡ್ತಿದ್ದಾನೆ ಅನ್ನಿಸೋದೇ ಇಲ್ಲ. ಕಾರ್ಡಿನಲ್ ಸಮಾಧಾನ ಹೇಳಲ್ಲ. ನೀನು ನರಳ್ತಿರೋದು ನ್ಯಾಯವೇ ಅನ್ನೋ ಅರ್ಥದ ಮಾತು ಹೇಳ್ತಾನೆ. ನಿನಗೆ ಬಿಡುಗಡೆ ಸಾಧ್ಯವಿದೆ, ಆದ್ರೆ ನೀನದನ್ನ ನಂಬಲ್ಲ, ಬದಲಾಗೋದೂ ಇಲ್ಲ ಅಂತಾನೆ. ಹಾಗಂದೂ ಪಾಪವಿಮೋಚನೆಯ ಮಂತ್ರ ಹೇಳ್ತಾನೆ.

ಕ್ಷಮೆ ಸಿಕ್ಕಿತಾ ಹಾಗಾದ್ರೆ? ಇಲ್ಲೇ ಇರೋದು ಪ್ರಶ್ನೆ. ತಪ್ಪಿನಿಂದ ಬಂದದ್ದನ್ನು ಕೈಯಲ್ಲಿ ಹಿಡ್ಕೊಂಡೇ ತಪ್ಪಿಗೆ ಕ್ಷಮೆ ಕೇಳಬಹುದಾ?

ಹಳೇ ಪ್ರಶ್ನೆ ಇದು. ಷೇಕ್ಸ್‌ಪಿಯರನ ಹ್ಯಾಮ್ಲೆಟ್‌ನಲ್ಲಿ ಅಣ್ಣನನ್ನ ಕೊಂದ ರಾಜ ಕ್ಲಾಡಿಯಸ್ ಪ್ರಾರ್ಥನೆಗೆ ಮಂಡಿಯೂರಿ, ಕಿರೀಟವೂ ಹೆಂಡತಿಯೂ ಇನ್ನೂ ತನ್ನ ಹತ್ತಿರವೇ ಇರೋದರಿಂದ ಪ್ರಾರ್ಥನೆ ಮೇಲೇಳ್ತಿಲ್ಲ ಅಂತ ತಾನೇ ಕಂಡುಕೊಳ್ತಾನೆ. ಯಹೂದಿಗಳ ಯೋಮ್ ಕಿಪ್ಪುರ್ ದಿನದ ಬಗ್ಗೆ ಅವರ ಹಳೇ ಶಾಸ್ತ್ರ ಹೇಳೋದು, ದೇವರಿಗೆ ಮಾಡಿದ ತಪ್ಪು ಆ ದಿನ ಕಳೆಯುತ್ತೆ, ಮನುಷ್ಯನಿಗೆ ಮಾಡಿದ್ದು ಆ ಮನುಷ್ಯನನ್ನೇ ಸಮಾಧಾನ ಮಾಡೋವರೆಗೂ ಕಳೆಯಲ್ಲ ಅಂತ. ಕ್ಯಾಥೊಲಿಕ್ ಚರ್ಚು ಕೂಡ, ಕದ್ದದ್ದನ್ನ ವಾಪಸ್ ಕೊಡು ಅಂತಲೇ ಕಲಿಸೋದು. ಇಸ್ಲಾಮಿನಲ್ಲೂ ಇನ್ನೊಬ್ಬರ ಹಕ್ಕು ಕಿತ್ತುಕೊಂಡವನು ಅದನ್ನು ಅವರಿಗೇ ಮುಟ್ಟಿಸಬೇಕು. ನಮ್ಮಲ್ಲಂತೂ ‘ಋಣ’ ಅನ್ನೋ ಒಂದೇ ಪದ ಸಾಲಕ್ಕೂ ಆಗುತ್ತೆ, ಪಾಪಕ್ಕೂ ಆಗುತ್ತೆ. ಸಾಲ ತೀರಬೇಕಾದ್ರೆ ಕೊಟ್ಟವರ ಕೈಗೆ ಹೋಗಬೇಕು. ದೇವರ ಹುಂಡಿಗೆ ಹಾಕಿದ್ರೆ ದೇವರಿಗೆ ಸಂದಾಯ ಆಗಬಹುದು, ದೊಡ್ಡಬಳ್ಳಾಪುರಕ್ಕೆ ತಲುಪಲ್ಲ.

ಮೈಕೆಲ್‌ನ ಕಷ್ಟ ಇನ್ನೂ ದೊಡ್ಡದು ನಿಜ. ಫ್ರೆಡೊನನ್ನ ವಾಪಸ್ ಕೊಡೋಕಾಗಲ್ಲ. ವಾಪಸ್ ಕೊಡೋಕಾಗೋದು ಏನಾದ್ರೂ ಇದ್ರೆ ಅದು ಅಧಿಕಾರ. ಅದನ್ನೇನೋ ಅವನು ಬಿಡ್ತಾನೆ. ಹೇಗೆ? ಅಣ್ಣ ಸನ್ನಿಯ ಮಗ ವಿನ್ಸೆಂಟ್‌ಗೆ ದಾಟಿಸ್ತಾನೆ. ಆ ಹುಡುಗ ಮುಂದೆ ಯಾರ್‍ಯಾರನ್ನ ಕೊಲ್ಲಿಸ್ತಾನೆ ಅನ್ನೋದು ಗೊತ್ತಿದ್ದೂ ದಾಟಿಸಿ, ತಾನು ಸೂಟು ಹಾಕ್ಕೊಂಡು ಮಗನ ಒಪೆರಾ ನೋಡೋಕೆ ಹೋಗ್ತಾನೆ. ಪಲೆರ್ಮೊದ ಟಿಯಾಟ್ರೊ ಮಾಸ್ಸಿಮೊದಲ್ಲಿ ಹಾಡು ನಡೀತಿರುವಾಗಲೇ ಹೊರಗೆ ಒಂದೊಂದೇ ಹೆಣ ಬೀಳುತ್ತೆ. ಮೆಟ್ಟಿಲ ಮೇಲೆ ಮೈಕೆಲ್‌ಗೆ ಇಟ್ಟ ಗುಂಡು ಮೇರಿಗೆ ತಗುಲುತ್ತೆ. ಅವನು ಬಾಯಿ ತೆರೆದು ಕಿರುಚ್ತಾನೆ, ಸಿನಿಮಾ ಆ ಸದ್ದನ್ನ ಬಹಳ ಹೊತ್ತು ನಮಗೆ ಕೇಳಿಸೋದೇ ಇಲ್ಲ. ಕೊಪ್ಪೋಲಾ ತನ್ನ ದೊಡ್ಡ ಮಗನನ್ನ 1986ರಲ್ಲಿ ದೋಣಿ ಅಪಘಾತದಲ್ಲಿ ಕಳ್ಕೊಂಡಿದ್ದ. ಆ ಮೆಟ್ಟಿಲ ಮೇಲೆ ಬಿದ್ದು ಸಾಯೋ ಪಾತ್ರಕ್ಕೆ ತನ್ನ ಮಗಳನ್ನೇ ಹಾಕಿದ. ‘ದುಡ್ಡಿಗೆ ಮಾಡಿದ ಸಿನಿಮಾ’ ಅಂತ ಮುಂದೆ ನಾನು ಹೇಳೋದಿಲ್ಲ.

ಇನ್ನೊಂದು ಪಾತ್ರದ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ತಂಗಿ ಕಾನಿ. ಕೊಪ್ಪೋಲಾನ ಸ್ವಂತ ತಂಗಿ ಟಾಲಿಯಾ ಶೈರ್ ಮಾಡಿರೋದು. ಒಂದು ಹೊತ್ತಿನಲ್ಲಿ ಅವಳು ಮೈಕೆಲ್‌ಗೆ ಫ್ರೆಡೊನ ಮಾತೆತ್ತಿ, ಪಾಪ ನೀರಲ್ಲಿ ಮುಳುಗಿ ಹೋದ, ದೇವರ ಇಚ್ಛೆ, ಅದು ಮುಗೀತು ಅನ್ನೋ ಹಾಗೆ ಮಾತಾಡ್ತಾಳೆ. ಅವಳಿಗೆ ನಿಜ ಗೊತ್ತಿದೆ. ಅವನಿಗೆ ನಿಜ ಗೊತ್ತಿದೆ. ಅಣ್ಣ ಬದುಕಬೇಕಾದ್ರೆ ಯಾವ ಸುಳ್ಳು ಬೇಕೋ ಅದನ್ನ ತಂಗಿ ಅವನ ಕೈಗೆ ಹಾಕ್ತಾಳೆ.

ಸ್ಟೆಂಟ್ ಹಾಕಿಸಿಕೊಂಡ ಹದಿನೈದನೇ ದಿನಕ್ಕೆ ಅತ್ತೆ ನೋಡೋಕೆ ಬಂದ್ರು. ಅಪ್ಪ ನಮ್ಮೆಲ್ಲರ ಮುಂದೆ ಅವರ ಕೈ ಹಿಡ್ಕೊಂಡು, ‘ಅಕ್ಕಾ, ನಿನಗೆ ಅನ್ಯಾಯ ಮಾಡ್ಬಿಟ್ಟೆ ಅನ್ಸುತ್ತೆ, ಮನಸ್ಸಲ್ಲಿ ಇಟ್ಕೋಬೇಡ’ ಅಂತ ಅತ್ತರು. ನಾನು ಅಪ್ಪ ಅಳೋದು ನೋಡಿದ್ದು ಅದು ಎರಡನೇ ಸಲ. ಅತ್ತೆ ಸೆರಗಲ್ಲಿ ಅವರ ಕಣ್ಣೊರೆಸಿ, ‘ಬುಡಪ್ಪ, ದ್ಯಾವ್ರು ಇಟ್ಟಂಗಾಯ್ತು. ಋಣ ಇದ್ದಿದ್ದಷ್ಟೇ. ಈಗ್ಯಾಕೆ ಅದೆಲ್ಲ’ ಅಂದ್ರು. ಮನೆಯವರೆಲ್ಲ ಕಣ್ಣೊರೆಸಿಕೊಂಡ್ರು. ಕಾಫಿ ಬಂತು. ಆವತ್ತು ರಾತ್ರಿ ಅಪ್ಪ ನೆಮ್ಮದಿಯಾಗಿ ನಿದ್ದೆ ಮಾಡಿದ್ರು.

ನನಗೆ ಬರಲಿಲ್ಲ. ಕಾನಿ ಆಗಲೇ ತಲೆಯಲ್ಲಿ ಕೂತಿದ್ಲು.

ಅಪ್ಪನ ಕಣ್ಣೀರು ನಾಟಕ ಅಂತ ನಾನು ಹೇಳಲ್ಲ, ನಿಜವಾದದ್ದೇ. ಮೈಕೆಲ್‌ನದೂ ನಿಜವಾದದ್ದೇ. ಈ ಸಿನಿಮಾ ನನಗೆ ಕಲಿಸಿದ್ದು ಅದನ್ನೇ, ಪಶ್ಚಾತ್ತಾಪ ನಿಜವಾಗಿದ್ರೂ ಸಾಲದೇ ಇರಬಹುದು. ಅಪ್ಪ ‘ಅನ್ಯಾಯ’ ಅಂದ್ರು, ಎಷ್ಟು ಅಂತ ಹೇಳಲಿಲ್ಲ. ಅತ್ತೆ ‘ಬುಡಪ್ಪ’ ಅಂದ್ರು, ಯಾವುದನ್ನ ಬಿಡ್ತಿದ್ದೀನಿ ಅಂತ ಅವರಿಗೆ ಗೊತ್ತಿರಲಿಲ್ಲ. ಅಂಕಿ ಗೊತ್ತಿಲ್ಲದೆ ಮನ್ನಾ ಮಾಡಿದ ಸಾಲ ಮನ್ನಾ ಆಯ್ತಾ? ಹತ್ತೊಂಬತ್ತು ವರ್ಷದ ಹಿಂದೆ ಓದದೇ ಒಂದು ಪತ್ರಕ್ಕೆ ಸಹಿ ಹಾಕಿದ್ರು. ಆವತ್ತು ನಮ್ಮ ಹಾಲ್‌ನಲ್ಲಿ ಇನ್ನೊಂದಕ್ಕೆ ಹಾಕಿದ್ರು, ಅಷ್ಟೇ.

ಇಷ್ಟೆಲ್ಲ ಬರೆದು ಅಪ್ಪನನ್ನ ಕಟಕಟೆಯಲ್ಲಿ ನಿಲ್ಲಿಸಿ ನಾನು ಜಡ್ಜ್ ಕುರ್ಚಿಯಲ್ಲಿ ಕೂತೆ ಅಂದ್ಕೋಬೇಡಿ. ಈ ಸಿನಿಮಾದಲ್ಲಿ ನಾನು ಯಾರು ಅಂತ ಆ ಎರಡನೇ ರಾತ್ರಿಯೇ ಗೊತ್ತಾಯ್ತು. ನಾನು ಮೇರಿ. ತಾನು ಏನೂ ಮಾಡಿಲ್ಲ, ಅಪ್ಪ ಏನು ಮಾಡಿದ್ರು ಅಂತ ಪೂರ್ತಿ ಕೇಳೋಕೆ ಧೈರ್ಯ ಇಲ್ಲ, ಫೌಂಡೇಶನ್ನಿನ ಚೆಕ್ಕಿಗೆ ಸಹಿ ಹಾಕ್ತಾ ಒಳ್ಳೆಯವಳಾಗಿ ಇರೋ ಮಗಳು. ನನ್ನ ಡಿಗ್ರಿ, ಆ ಡಿಗ್ರಿಯಿಂದ ಬಂದ ಕೆಲಸ, ಕಾರಿನ ಇಎಂಐ, ಇದನ್ನ ಬರೀತಿರೋ ಲ್ಯಾಪ್‌ಟಾಪು, ಎಲ್ಲದರ ಬೇರು ಆ ಕಲ್ಲುಬೆಂಚಿನ ಹತ್ತಿರ ಇದೆ. ಹದಿನೇಳು ವರ್ಷದವನಿಗೆ ಪತ್ರ ಓದೋಕೆ ಬರ್ತಿತ್ತು. ಪಕ್ಕದಲ್ಲೇ ಕೂತು ಚಕ್ಕುಲಿ ತಿಂತಿದ್ದೆ.

ಅಪ್ಪನ ಹತ್ರ ಮಾತೆತ್ತಿದೆ. ಮೇಲಿನ ಮಹಡಿಯ ಒಂದು ಮನೆ ಅತ್ತೆ ಹೆಸರಿಗೆ ಮಾಡೋಣ ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ರು. ‘ಅಕ್ಕನೇ ಬಿಡು ಅಂದ್ಲಲ್ಲ’ ಅಂದ್ರು. ಆಮೇಲೆ, ‘ನಾನಿರೋವರೆಗೂ ಇದ್ದಂಗಿರಲಿ. ಆಮೇಲೆ ನಿನ್ನಿಷ್ಟ’ ಅಂದ್ರು. ಅವರ ಮೇಲೆ ಸಿಟ್ಟು ಬರಬೇಕಿತ್ತು, ಹೆದರಿಕೆ ಬಂತು. ಯಾಕಂದ್ರೆ ಆ ಕ್ಷಣ ನನ್ನೊಳಗೆ ಏನೋ ಒಂದು ‘ಸರಿ, ಆಮೇಲೆ ನೋಡಿದ್ರಾಯ್ತು’ ಅಂತ ಹಗುರಾಯ್ತು. ಮೈಕೆಲ್ ವಿನ್ಸೆಂಟ್‌ಗೆ ದಾಟಿಸೋದು ಇದನ್ನೇ ಅಲ್ವಾ. ಅಧಿಕಾರ ಅನ್ನೋದು ನೆಪ, ದಾಟೋದು ಮುಂದೂಡಿದ ಲೆಕ್ಕ.

2020ರಲ್ಲಿ ಕೊಪ್ಪೋಲಾ ಈ ಸಿನಿಮಾವನ್ನ ಮತ್ತೆ ಕತ್ತರಿಸಿ ಜೋಡಿಸಿದ. ತಾನೂ ಪೂಜೊ ಇಬ್ಬರೂ ಮೊದಲಿಂದ ಬಯಸಿದ್ದ ಹೆಸರನ್ನೂ ಸೇರಿಸಿದ. ‘ಮೈಕೆಲ್ ಕಾರ್ಲಿಯೋನೆಯ ಸಾವು’ ಅಂತ. ತಮಾಷೆ ಏನಂದ್ರೆ 1990ರ ಸಿನಿಮಾದಲ್ಲಿ ಮುದುಕ ಮೈಕೆಲ್ ಸಿಸಿಲಿಯ ಅಂಗಳದಲ್ಲಿ ಕುರ್ಚಿಯಿಂದ ಉರುಳಿ ಸಾಯ್ತಾನೆ, ಹತ್ತಿರ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಹೆಸರಲ್ಲೇ ಸಾವು ಇರೋ ಹೊಸ ಆವೃತ್ತಿಯಲ್ಲಿ ಅವನು ಸಾಯೋದೇ ಇಲ್ಲ. ಕುರ್ಚಿಯಲ್ಲಿ ಕೂತೇ ಇರ್ತಾನೆ. ನೂರು ವರ್ಷ ಬಾಳು ಅನ್ನೋ ಸಿಸಿಲಿಯ ಹಾರೈಕೆ ತೆರೆ ಮೇಲೆ ಬರುತ್ತೆ. ಎರಡರಲ್ಲಿ ಯಾವುದು ಕಠಿಣ ಶಿಕ್ಷೆ ಅಂತ ನನಗೀಗ ಅನುಮಾನವಿಲ್ಲ. ಧರ್ಮರಾಯನ ಜೊತೆಗೂ ಕೊನೆಗೆ ಉಳಿದದ್ದು ನಾಯಿಯೇ. ಅವನು ಆ ನಾಯಿಯನ್ನ ಬಿಟ್ಟು ಸ್ವರ್ಗಕ್ಕೂ ಬರಲ್ಲ ಅಂದ. ಮೈಕೆಲ್ ಜೊತೆಗಿದ್ದವರನ್ನೆಲ್ಲ ಬಿಟ್ಟು ಸ್ವರ್ಗ ಕೇಳಿದ.

ಸಿನಿಮಾದ ಮೇಲೆ ನನ್ನ ತೀರ್ಪು ಇದು. ಕುಂಟುತ್ತೆ, ಮೊದಲೆರಡರ ಹೆಗಲಿಗೆ ಬರಲ್ಲ. ಆದ್ರೆ ಅದು ಇಲ್ಲದಿದ್ರೆ ಮೊದಲೆರಡು ಸಾಲ ಮಾಡಿ ತಂದ ಚಿನ್ನದ ಹಾಗೆ. ಕಣ್ಣಿಗೆ ಹೊಳೆಯುತ್ತೆ, ನಮ್ಮದಲ್ಲ. ಕ್ಯಾಂಟೀನಲ್ಲಿ ಈಗ ಹೊಸ ಹುಡುಗರಿಗೆ ಮೂರನ್ನೂ ನೋಡಿ ಅಂತೀನಿ.

ಮನೆಯ ವಿಷಯ ಇನ್ನೂ ಮುಗಿದಿಲ್ಲ. ಮನೆ ಅಪ್ಪನ ಹೆಸರಲ್ಲಿದೆ, ಅದರ ಮೇಲೆ ನನ್ನ ಕೈ ಓಡಲ್ಲ. ನನ್ನ ಕೈಯಲ್ಲಿರೋದರಿಂದ ಶುರು ಮಾಡೋಣ ಅಂತ ಹೋದ ತಿಂಗಳು ದೊಡ್ಡಬಳ್ಳಾಪುರಕ್ಕೆ ಹೋದೆ. ಅತ್ತೆಯ ಮೊಮ್ಮಗಳು ಡಿಗ್ರಿಗೆ ಸೇರಬೇಕಿತ್ತು. ಮೂರು ವರ್ಷದ್ದೂ ಫೀಸು ನಾನು ಕಟ್ತೀನಿ ಅಂದೆ. ಅತ್ತೆ ‘ನಿನಗ್ಯಾಕಪ್ಪ ಹೊರೆ, ನೀನೇ ಸಂಸಾರಸ್ತ’ ಅಂದ್ರು. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತನ್ನ ಆಗ ಹೇಳಿದೆ. ‘ಸಹಾಯ ಅಂತ ಕೊಡ್ತಿಲ್ಲ ಅತ್ತೆ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ನಿಮ್ಮ ದುಡ್ಡಲ್ಲಿ. ಅರ್ಧ ಜಮೀನು ನಿಮ್ಮದಿತ್ತು.’

ಒಳಗೆ ಮಗ್ಗ ಓಡ್ತಿತ್ತು. ಅತ್ತೆ ಸೆರಗಿನ ತುದಿ ಸುತ್ತುತ್ತಾ ಸುಮ್ಮನೆ ಕೂತಿದ್ರು. ಬೈತಾರೇನೋ, ಅಳ್ತಾರೇನೋ, ಮತ್ತೆ ‘ಬುಡಪ್ಪ’ ಅಂತಾರೇನೋ ಅಂತ ಕಾಯ್ತಿದ್ದೆ. ಮೂರೂ ಮಾಡಲಿಲ್ಲ. ತಲೆ ಎತ್ತಿ, ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳದೇ ಇದ್ದದ್ದನ್ನ ಕೇಳಿದ್ರು.

‘ಅದು ಎಷ್ಟಕ್ಕೆ ಹೋಯ್ತಪ್ಪಾ?’

ಹೇಳಿದೆ. ಅವರು ಬೆರಳು ಮಡಿಸಿ ಅರ್ಧ ಮಾಡಿಕೊಳ್ಳೋದಕ್ಕೆ ಸ್ವಲ್ಪ ಹೊತ್ತು ಹಿಡೀತು.